ನೀರಿನ ಗಿರಣಿಗೆ ರಾಗಿ ಹೊತ್ತು ಹೋದದ್ದು

ಎವರೆಟ್, ಜಯಳ ಮನೆ

ನಾನು ತಿಪಟೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮೆರಿಕದಲ್ಲಿ ನಾನು ಪಟ್ಟ ಫಜೀತಿಗೆಲ್ಲ ಅದೇ ಕಾರಣ. ಮೂವತ್ತು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ ಸ್ವಿಚ್ ಹಾಕಿ, ಸಂಜೆ ಏಳಕ್ಕೆ ಆರಿಸಿ, ನಡುವೆ ರೆಪ್ಪೆಯ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು ಬದುಕಿದವಳಿಗೆ ಯಾವ ಊರಿಗೆ ಹೋದರೂ ಮೊದಲು ಕಾಣುವುದು ಹಿಟ್ಟೇ. ತಂಗಿ ಜಯ ನನ್ನನ್ನು ಪಕ್ಕದ ಸಿಯಾಟಲ್ ನಗರಕ್ಕೆ ಕರೆದುಕೊಂಡು ಹೋಗಿ ಡೆನ್ನಿ ಟ್ರಯಾಂಗಲ್ ಬಡಾವಣೆಯ ಗಾಜಿನ ಗುಮ್ಮಟಗಳನ್ನು ತೋರಿಸಿದಳು. ಒಳಗೆ ಕಾಡು ಬೆಳೆಸಿದ್ದಾರೆ ಎಂದಳು. ಚೆನ್ನಾಗಿದೆ ಎಂದೆ. ಆದರೆ ಅದೇ ಸಂಜೆ ಅವಳ ಅಡುಗೆಮನೆಯಲ್ಲಿದ್ದ ರಾಗಿ ಹಿಟ್ಟಿನ ಪ್ಯಾಕೆಟ್ಟನ್ನು ಬಿಚ್ಚಿ ಮೂಸಿದಾಗ ನನಗಾದ ಆಘಾತ ಆ ಗುಮ್ಮಟಗಳಿಂದ ಆಗಿರಲಿಲ್ಲ. ಆ ಹಿಟ್ಟಿಗೆ ಅಟ್ಟದ ಮೇಲಿನ ಹಳೇ ಪೆಟ್ಟಿಗೆಯ ವಾಸನೆ ಇತ್ತು.

"ಇದ್ರಲ್ಲಿ ಮುದ್ದೆ ಮಾಡ್ಕೊಂಡು ತಿಂತೀಯಾ?" ಎಂದು ಕೇಳಿದೆ.

"ಇಪ್ಪತ್ತು ವರ್ಷದಿಂದ ತಿಂತಿದೀನಿ ಅಕ್ಕ. ಇನ್ನೂ ಬದುಕಿದೀನಿ ನೋಡು" ಎಂದಳು ಜಯ.

ನೋಟು ರದ್ದಾಗಿ ಎರಡು ವರ್ಷ ಕಳೆದಿತ್ತು. ಏಪ್ರಿಲ್ ತಿಂಗಳು. ನಮ್ಮಲ್ಲಿ ಬಿಸಿಲಿಗೆ ಕಾಗೆ ಬಾಯಿ ಬಿಡುವ ಕಾಲ, ಅಲ್ಲಿ ಮಾತ್ರ ದಿನವೂ ಜಿಟಿಜಿಟಿ. ಜಯಳ ಗಂಡ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಇಂಜಿನಿಯರ್, ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದರು. ಜಯ ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹಗಲೆಲ್ಲ ನಾನೊಬ್ಬಳೇ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಇಂಡಿಯನ್ ಅಂಗಡಿಯಲ್ಲಿ ಇಡೀ ರಾಗಿ ಸಿಕ್ಕಿತು, ಐದು ಕೆಜಿ ತರಿಸಿದೆ. ಕೇರಿ, ಕಲ್ಲು ಆಯ್ದು, ಮೂರು ನೀರಿನಲ್ಲಿ ತೊಳೆದೆ. ಒಣಗಿಸುವುದೆಲ್ಲಿ? ಆ ಊರಿನ ಸೂರ್ಯನನ್ನು ನಂಬಿದರೆ ರಾಗಿ ಮೊಳಕೆ ಬಂದು ಪೈರಾಗುತ್ತದೆ. ಅವರ ಮನೆಯ ನೆಲದಲ್ಲಿ ಅಲ್ಲಲ್ಲಿ ಜಾಲರಿ ಇಟ್ಟಿದ್ದಾರೆ, ಅದರೊಳಗಿಂದ ಬಿಸಿಗಾಳಿ ಬರುತ್ತದೆ. ಜಾಲರಿಯ ಮೇಲೆ ಬೆಡ್‌ಶೀಟ್ ಹಾಸಿ ರಾಗಿ ಹರವಿದೆ. ಬೆಡ್‌ಶೀಟ್‌ನ ಒಂದು ಮೂಲೆ ಜಾರಿತು, ಅರ್ಧ ಸೇರು ರಾಗಿ ಜಾಲರಿಯ ಬಾಯಿಗೆ ಹೋಯಿತು. ಅಂದಿನಿಂದ ಹೀಟರ್ ಶುರುವಾದಾಗಲೆಲ್ಲ ಗೋಡೆಯೊಳಗೆ ಗಿಲಕಿ ಆಡಿಸಿದಂತೆ ಸದ್ದು. ಜಯಳ ಗಂಡ ಎರಡು ದಿನ ಇಲಿ ಹುಡುಕಿದರು. ನಾನು ಬಾಯಿ ಬಿಡಲಿಲ್ಲ.

ಶುಕ್ರವಾರ ಸಂಜೆ ಜಯ ಬಂದು, "ಅಕ್ಕ, ನಾಳೆ ಒಂದು ವಾಕ್ ಹೋಗೋಣ. ಇಲ್ಲಿಂದ ನಲವತ್ತು ನಿಮಿಷ. ಹಳೇ ವಾಟರ್ ಮಿಲ್ ಇದೆ, ನೀರಲ್ಲಿ ಓಡೋದು. ಸುತ್ತ ರಿಸರ್ವ್ ಮಾಡಿದಾರೆ, ಒಳ್ಳೇ ಕಾಡು" ಎಂದಳು.

"ಈಗ್ಲೂ ಓಡುತ್ತಾ?"

"ಹೂಂ, ಓಡಿಸ್ತಾರೆ. ಶನಿವಾರ ಮಾತ್ರ."

ನನಗೆ ಅಷ್ಟು ಸಾಕಾಯಿತು. ನಮ್ಮ ಸುತ್ತಮುತ್ತ ಸಣ್ಣ ಹಳ್ಳಿಗಳ ಗಿರಣಿಗಳೂ ಹೀಗೇ, ಸಂತೆಯ ದಿನ ಮಾತ್ರ ತೆರೆಯುತ್ತವೆ. ಶನಿವಾರ ಆ ಊರಿನ ಸಂತೆ ಇರಬೇಕು ಎಂದುಕೊಂಡೆ. ರಾಗಿಯನ್ನು ಬಟ್ಟೆ ಚೀಲಕ್ಕೆ ತುಂಬಿ, ಬಾಯಿಗೆ ದಾರ ಕಟ್ಟಿ, ಜಯಳ ಕಾರಿನ ಡಿಕ್ಕಿಯಲ್ಲಿ ಇಟ್ಟುಬಂದೆ.

ಕಾರು ನಿಲ್ಲಿಸಿದಲ್ಲಿ

ಸಂತೆ ಇರಲಿಲ್ಲ. ಮರಗಳ ನಡುವೆ ಒಂದಷ್ಟು ಕಾರುಗಳು, ಒಂದು ಫಲಕ, ಒಂದು ಕಕ್ಕಸು, ಅಷ್ಟೇ. ಡಿಕ್ಕಿಯಿಂದ ಚೀಲ ಇಳಿಸಿದ್ದನ್ನು ಕಂಡು ಜಯ ಕಣ್ಣು ಕಣ್ಣು ಬಿಟ್ಟಳು.

"ಏನಕ್ಕ ಇದು?"

"ರಾಗಿ. ಮಿಲ್‌ಗೆ ಹೋಗ್ತಾ ಬರೀ ಕೈಲಿ ಹೋಗ್ತಾರೇನೆ?"

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಅಷ್ಟರಲ್ಲಿ ಟವೆಲ್ಲನ್ನು ಸಿಂಬಿ ಸುತ್ತಿ ತಲೆ ಮೇಲಿಟ್ಟು ಚೀಲ ಹೊತ್ತಾಗಿತ್ತು. ಸೀರೆ, ಅದರ ಮೇಲೆ ಜಯಳ ಗಂಡನ ಜಾಕೆಟ್ಟು, ಕಾಲಿಗೆ ಕ್ಯಾನ್ವಾಸ್ ಷೂ, ತಲೆ ಮೇಲೆ ನಾಲ್ಕೂವರೆ ಕೆಜಿ ರಾಗಿ. ಜಯ ಹಣೆ ಚಚ್ಚಿಕೊಂಡು ಹಿಂದೆ ಬಂದಳು.

ಎದುರಿಗೆ ಒಬ್ಬ ಎತ್ತರದ ಮನುಷ್ಯ ನಾಯಿ ಹಿಡಿದುಕೊಂಡು ಬಂದ. ಅವನ ಇನ್ನೊಂದು ಕೈಯಲ್ಲಿ ಹಸಿರು ಬಣ್ಣದ ಪುಟ್ಟ ಗಂಟು ತೂಗಾಡುತ್ತಿತ್ತು. ನನ್ನ ಚೀಲ ನೋಡಿ "ಹಾಯ್" ಎಂದ. ನಾನೂ ಅವನ ಗಂಟು ನೋಡಿ ನಕ್ಕೆ. ಅವನೂ ಗಿರಣಿಗೆ ಹೋಗಿ ಬಂದವನೇ ಇರಬೇಕು, ಅಷ್ಟು ಸಣ್ಣ ಗಂಟಾದರೆ ಮೆಣಸೋ ಮಸಾಲೆಯೋ.

"ಏನು ಬೀಸಿಸಿದಾನೆ ಕೇಳೆ" ಎಂದೆ.

"ಅಕ್ಕ, ಅದು ನಾಯಿ ಕಕ್ಕ."

ಹೆಜ್ಜೆ ಹಾಗೇ ನಿಂತಿತು. ಸೂಟು ಹಾಕಿ ಮೀಟಿಂಗಿಗೆ ಹೋಗಬೇಕಾದಂಥ ಮನುಷ್ಯ, ನಾಯಿ ಮಾಡಿದ್ದನ್ನು ಕೈಯಾರೆ ಬಾಚಿ, ಗಂಟು ಕಟ್ಟಿ, ಪ್ರಸಾದದ ಹಾಗೆ ಹಿಡಿದುಕೊಂಡು ಅರ್ಧ ಮೈಲಿ ನಡೆಯುತ್ತಾನೆ. ಆ ಗಂಟು ಕಟ್ಟಲು ಚೀಲಗಳನ್ನು ಫಲಕದ ಪಕ್ಕದಲ್ಲೇ ಪುಕ್ಕಟೆಯಾಗಿ ಇಟ್ಟಿದ್ದಾರೆ. ನಮ್ಮೂರಿನಲ್ಲಿ ನಾಯಿಗಳು ಯಾರ ಹಂಗೂ ಇಲ್ಲದೆ ಬದುಕುವುದನ್ನು ನೆನೆದು ನನಗೆ ಯಾರ ಮೇಲೆ ಕನಿಕರ ಪಡಬೇಕೋ ತಿಳಿಯಲಿಲ್ಲ.

ಕಾಡಿನ ದಾರಿ

ಗಿರಣಿಗೆ ಕಾಡಿನೊಳಗೆ ಒಂದು ಮೈಲಿ ನಡೆಯಬೇಕು. ಜೌಗು ಇರುವಲ್ಲೆಲ್ಲ ಹಲಗೆ ಹಾಸಿದ್ದರು. ವಸಂತ ಅಲ್ಲಿ ನೆಲದಿಂದ ಮೇಲೆ ಬರುತ್ತದೆ. ಮರಗಳು ಇನ್ನೂ ನಿದ್ದೆಗಣ್ಣಿನಲ್ಲಿದ್ದವು, ಕೆಳಗೆ ಜೌಗಿನಲ್ಲಿ ಮಾತ್ರ ಬಾಳೆಮೂತಿಯಷ್ಟು ದೊಡ್ಡ ಹಳದಿ ಹೂಗಳು. ಪಕ್ಕದಲ್ಲೇ ಅಗಲವಾದ ಹಸಿರೆಲೆ, ನಮ್ಮ ಕೆಸುವಿನ ಎಲೆಯ ದಾಯಾದಿ. ನಾಲ್ಕು ಕಿತ್ತುಕೊಂಡರೆ ಪತ್ರೊಡೆ ಆಗುತ್ತಲ್ಲ ಎಂದು ಬಗ್ಗಿದೆ. ಮೂಗಿಗೆ ಬಡಿದ ನಾತಕ್ಕೆ ತಲೆ ಮೇಲಿನ ಚೀಲ ಬೀಳುವುದೊಂದು ಬಾಕಿ.

"ಮುಟ್ಬೇಡ! ಇಲ್ಲಿ ಏನೂ ಕೀಳೋ ಹಾಗಿಲ್ಲ. ಎಲೆ, ಹೂವು, ಕಲ್ಲು, ಏನೂ" ಎಂದು ಜಯ ರಟ್ಟೆ ಹಿಡಿದು ಎಳೆದಳು.

"ಈ ನಾತಕ್ಕೆ ಕಾವಲು ಬೇರೆ!"

ಅದಕ್ಕಿಂತ ನನ್ನನ್ನು ಕಂಗೆಡಿಸಿದ್ದು ಬಿದ್ದ ಮರಗಳು. ಮೂರು ಜನ ಕೈಹಿಡಿದು ನಿಂತರೂ ತಬ್ಬಲಾಗದ ಮರ, ಮನೆಯೊಂದರ ತೊಲೆ, ಬಾಗಿಲು, ಮಂಚ ಎಲ್ಲ ಆಗುವಂಥದ್ದು, ದಾರಿಯ ಪಕ್ಕದಲ್ಲಿ ಬಿದ್ದು ಪಾಚಿ ಹಿಡಿದು ಕೊಳೆಯುತ್ತಿತ್ತು. ಒಂದಲ್ಲ, ಹತ್ತಾರು. ಅದರ ಬೆನ್ನ ಮೇಲೆಯೇ ಸಣ್ಣ ಸಣ್ಣ ಮರಗಳು ಬೇರು ಬಿಟ್ಟು ಸಾಲಾಗಿ ನಿಂತಿದ್ದವು. ಯಾರೂ ಕೊಡಲಿ ಮುಟ್ಟಿಸಿಲ್ಲ. ನಮ್ಮಲ್ಲಿ ಗಾಳಿಗೆ ಒಂದು ಕೊಂಬೆ ಬಿದ್ದರೆ ಸಂಜೆಯೊಳಗೆ ಯಾರದೋ ನೀರೊಲೆ ಸೇರಿರುತ್ತದೆ. ಹೇಗೆ ಮನಸ್ಸು ಬರುತ್ತದೆ ಎಂದು ಕೇಳಿದರೆ ಜಯ, "ಬಿದ್ದ ಮರ ಕಾಡಿಗೆ ಸೇರಿದ್ದು ಅಂತಾರೆ" ಎಂದಳು. ಜನಕ್ಕೆ ಉಪಯೋಗಕ್ಕೆ ಬರುವುದನ್ನು ಕಾಡಿಗೆ ಬಿಟ್ಟುಕೊಡುವುದು ಎಂಥ ಧಾರಾಳ ಎಂದು ನಾನು ಗೊಣಗಿಕೊಂಡೆ.

ಗಿರಣಿಯ ಬಾಗಿಲು

ಮೊದಲು ಸದ್ದು ಕೇಳಿಸಿತು. ನೀರಿನದಲ್ಲ, ಕಲ್ಲಿನದು. ಕಾಳು ಬಾಯಲ್ಲಿಟ್ಟುಕೊಂಡು ತಿರುಗುವ ಕಲ್ಲಿನ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ನನಗೆ ಅರಿವಿಲ್ಲದೆ ಹೆಜ್ಜೆ ಜೋರಾಯಿತು.

ಎರಡಂತಸ್ತಿನ ಮರದ ಮನೆ, ಮಳೆಗೆ ಕಪ್ಪಾದ ಹಲಗೆ ಗೋಡೆ. ಪಕ್ಕದಲ್ಲಿ ಎರಡಾಳೆತ್ತರದ ಚಕ್ರ ನೀರು ಸುರಿಸುತ್ತ ತಿರುಗುತ್ತಿತ್ತು. ಮೇಲ್ಗಡೆ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿ, ಅಲ್ಲಿಂದ ಕಾಲುವೆಯಲ್ಲಿ ನೀರು ತಂದು, ತೂಬು ಎತ್ತಿ ಚಕ್ರದ ಮೇಲೆ ಬಿಡುತ್ತಾರೆ. ವಿದ್ಯುತ್ತಿಲ್ಲ, ಬಿಲ್ಲಿಲ್ಲ, ಲೋಡ್ ಶೆಡ್ಡಿಂಗ್ ಇಲ್ಲ. ಒಂದು ಕ್ಷಣ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಒಳಗೆ ಇಪ್ಪತ್ತು ಜನ ಇದ್ದರು. ನಾನು ಚೀಲ ಇಳಿಸಿ ಸಾಲಿನ ಕೊನೆಯಲ್ಲಿ ಇಟ್ಟು ನಿಂತೆ. ಸಾಲು ಮುಂದಕ್ಕೆ ಹೋಗಲಿಲ್ಲ. ನೋಡಿದರೆ ಒಬ್ಬರ ಕೈಯಲ್ಲೂ ಕಾಳಿಲ್ಲ. ಗಡ್ಡ ಬಿಟ್ಟ ಒಬ್ಬಾತ ಗಿರಣಿಯ ಬಾಯಿಗೆ ಗೋಧಿ ಸುರಿದ, ಕೆಳಗೆ ಹಿಟ್ಟು ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷ ಹಿಟ್ಟು ಬೀಸಿದ್ದೇನೆ. ಚಪ್ಪಾಳೆ ಇರಲಿ, ಸಣ್ಣಗೆ ಬಂದಿದೆ ಎಂದು ಹೇಳಿದವರೇ ಬೆರಳೆಣಿಕೆಯಷ್ಟು.

"ಅಕ್ಕ, ಬೇಜಾರು ಮಾಡ್ಕೋಬೇಡ. ಇದು ಮ್ಯೂಸಿಯಂ. ನೋಡೋಕೆ ಓಡಿಸ್ತಾರೆ ಅಷ್ಟೇ. ಯಾರೂ ಕಾಳು ತರಲ್ಲ" ಎಂದು ಜಯ ಕಿವಿಯಲ್ಲಿ ಹೇಳಿದಳು.

"ಆ ಹಿಟ್ಟು ಏನು ಮಾಡ್ತಾರೆ?"

ನನ್ನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅದೇ ಗಡ್ಡದವ. ಜಯ ಆಮೇಲೆ ಹೇಳಿದಳು, ಅವನ ಹೆಸರು ಡಗ್, ಸಂಬಳವಿಲ್ಲದೆ ಹದಿನೈದು ವರ್ಷದಿಂದ ಈ ಗಿರಣಿ ರಿಪೇರಿ ಮಾಡಿ ನಿಲ್ಲಿಸಿದವನು. ಅವನು ಡಬ್ಬಿಯಲ್ಲಿದ್ದ ಬೆಚ್ಚಗಿನ ಗೋಧಿ ಹಿಟ್ಟನ್ನು ಎತ್ತಿ ಮೂಲೆಯ ಬಕೆಟ್ಟಿಗೆ ಸುರಿದ. ಬಕೆಟ್ಟಿನಲ್ಲಿ ಒಣಗಿದ ಎಲೆ, ಕಾಫಿ ಚರಟ.

"ಗೊಬ್ಬರಕ್ಕೆ. ಸರ್ಕಾರದ ಲೈಸೆನ್ಸ್ ಇರೋ ಕಿಚನ್ ಅಲ್ಲ ಅಂತ, ಇಲ್ಲಿ ಬೀಸಿದ್ದು ಯಾರಿಗೂ ಕೊಡೋ ಹಾಗಿಲ್ಲ" ಎಂದಳು ಜಯ.

ಹೊರಗೆ ನಾಯಿಯ ಹೇಲನ್ನು ಚೀಲದಲ್ಲಿ ಕಟ್ಟಿ ಜೋಪಾನವಾಗಿ ಒಯ್ಯುವ ಜನ, ಒಳಗೆ ಬಿಸಿ ಹಿಟ್ಟನ್ನು ಗೊಬ್ಬರಕ್ಕೆ ಸುರಿಯುತ್ತಾರೆ! ನನ್ನ ಗಿರಣಿಯ ಕಸಬರಿಕೆಗೆ ಸಿಕ್ಕಿದ ಹಿಟ್ಟು ಕೂಡ ಎದುರು ಮನೆಯ ಎಮ್ಮೆಗೆ ಹೋಗುತ್ತದೆ. ನಾನು ಗಟ್ಟಿಯಾಗಿಯೇ, "ಅನ್ನ ಅಲ್ವೇನಯ್ಯ ಅದು!" ಎಂದುಬಿಟ್ಟೆ. ಭಾಷೆ ಯಾರಿಗೂ ತಿಳಿಯಲಿಲ್ಲ, ದನಿ ಎಲ್ಲರಿಗೂ ತಿಳಿಯಿತು. ಇಪ್ಪತ್ತು ತಲೆಗಳೂ ನನ್ನ ಕಡೆ ತಿರುಗಿದವು.

ಆಗ ಕಿಟಕಿಯ ಪಕ್ಕದ ಕುರ್ಚಿಯಿಂದ ಒಬ್ಬ ಅಜ್ಜಿ ಎದ್ದು ಬಂದರು. ತೆಳ್ಳಗೆ, ನೆಟ್ಟಗೆ, ಬೆಳ್ಳಗಿನ ಗಿಡ್ಡ ಕೂದಲು, ಮೊಣಕಾಲಿನವರೆಗೆ ರಬ್ಬರ್ ಬೂಟು. ಹೆಸರು ಇಂಗ್ರಿಡ್. ವಯಸ್ಸು ಎಂಬತ್ತೊಂದು. ಈ ಗಿರಣಿಯಲ್ಲಿ ಕೊನೆಗೆ ಹಿಟ್ಟು ಬೀಸಿದವನ ಮಗಳು, ಹುಟ್ಟಿದ್ದೂ ಇದೇ ಮನೆಯ ಮೇಲಂತಸ್ತಿನಲ್ಲಿ. ಅಪ್ಪ ಸತ್ತ ಮೇಲೆ ಗಿರಣಿ, ಒಡ್ಡು, ಸುತ್ತಲಿನ ಕಾಡು ಎಲ್ಲವನ್ನೂ ರಿಸರ್ವ್‌ಗೆ ಬರೆದುಕೊಟ್ಟವರು ಅವರೇ. ಅವರು ನನ್ನನ್ನಾಗಲಿ ಜಯಳನ್ನಾಗಲಿ ನೋಡಲಿಲ್ಲ, ನೆಲದ ಮೇಲಿದ್ದ ಚೀಲ ನೋಡಿದರು. ದಾರ ಬಿಚ್ಚಿ ಒಂದು ಹಿಡಿ ರಾಗಿ ಅಂಗೈಗೆ ಹಾಕಿಕೊಂಡು, ಎರಡು ಕಾಳು ಹಲ್ಲಿನಲ್ಲಿಟ್ಟು ಕಡಿದರು. ನಾನು ಗಿರಾಕಿಗಳ ಚೀಲ ಬಿಚ್ಚಿದ ಕೂಡಲೇ ಮಾಡುವುದೂ ಅದನ್ನೇ. ಕಾಳು ಹಸಿಯಿದ್ದರೆ ಕಲ್ಲಿಗೆ ಮೆತ್ತಿಕೊಳ್ಳುತ್ತದೆ.

"ಚೆನ್ನಾಗಿ ಒಣಗಿದೆ ಅಂತಿದಾರೆ" ಎಂದಳು ಜಯ.

ಆಮೇಲೆ ಇಂಗ್ರಿಡ್ ಮೆಲ್ಲಗೆ ಏನೋ ಹೇಳಿದರು. ಜಯ ತಕ್ಷಣ ಕನ್ನಡಕ್ಕೆ ಮಾಡಲಿಲ್ಲ.

"ಏನಂತೆ?"

"ಅವರಪ್ಪ ಹೋದ್ಮೇಲೆ ಈ ಬಾಗಿಲಿಗೆ ಕಾಳು ತಂದವಳು ನೀನೇ ಮೊದಲಂತೆ. ಮತ್ತೆ... ನೀನೇ ಕೊನೇನೂ ಅಂತೆ. ಇವತ್ತೇ ಕಡೇ ದಿನ ಅಂತೆ ಅಕ್ಕ. ನಂಗೂ ಗೊತ್ತಿರ್ಲಿಲ್ಲ."

ಒಡ್ಡಿನ ಮೇಲೆ

ಇಂಗ್ರಿಡ್ ನಮ್ಮಿಬ್ಬರನ್ನು ಹೊರಗೆ ಒಡ್ಡಿನ ಹತ್ತಿರ ಕರೆದುಕೊಂಡು ಹೋದರು. ಆಳೆತ್ತರದ ಕಲ್ಲಿನ ಒಡ್ಡು. ಮೇಲೆ ನಿಂತ ನೀರು ಕನ್ನಡಿಯಂತೆ, ಕೆಳಗೆ ಬಿದ್ದ ನೀರು ನೊರೆ ನೊರೆ. ಈ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಯಂತ್ರ ತಂದು ಈ ಒಡ್ಡನ್ನು ಒಡೆಯುತ್ತಾರೆ ಎಂದರು. ಒಡ್ಡು ಹೋದರೆ ಕಾಲುವೆಗೆ ನೀರಿಲ್ಲ. ನೀರಿಲ್ಲದೆ ಚಕ್ರವಿಲ್ಲ.

"ಯಾರು ಒಡೆಸ್ತಿರೋದು? ಸರ್ಕಾರನಾ?" ನನಗೆ ನಿಜವಾಗಿ ಸಿಟ್ಟು ಬಂದಿತ್ತು.

ಜಯ ಕೇಳಿದಳು. ಇಂಗ್ರಿಡ್ ತಮ್ಮ ಎದೆ ಮುಟ್ಟಿ ತೋರಿಸಿದರು.

ನಾನು ನಂಬಲಿಲ್ಲ. ಜಯಳಿಗೆ ಇನ್ನೊಮ್ಮೆ ಕೇಳು ಎಂದೆ. ಉತ್ತರ ಅದೇ ಬಂತು. ಒಡೆಯಬೇಕೆಂದು ಹತ್ತು ವರ್ಷ ಅರ್ಜಿ ಬರೆದವರೂ ಅವರೇ, ದಾನ ಕೊಟ್ಟವರ ಒಪ್ಪಿಗೆ ಬೇಕೆಂದಾಗ ಸಹಿ ಹಾಕಿದವರೂ ಅವರೇ. ಡಗ್ ಆ ಸಹಿಯಾದ ದಿನದಿಂದ ಅವರೊಂದಿಗೆ ಮಾತು ಬಿಟ್ಟಿದ್ದ. ಕೆಲಸಕ್ಕೆ ಬರುತ್ತಾನೆ, ಚಕ್ರಕ್ಕೆ ಎಣ್ಣೆ ಬಿಡುತ್ತಾನೆ, ಅವರ ಮುಖ ನೋಡುವುದಿಲ್ಲ.

"ಯಾಕಂತೆ?"

"ಮೀನಿಗೆ."

ಒಂದು ಮೀನಿಗೆ! ನನಗೆ ನಗು ಬಂದದ್ದೋ ಅಳು ಬಂದದ್ದೋ ಈಗಲೂ ಹೇಳಲಾರೆ. ಆ ಮೀನು ಈ ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ಇದೇ ಹೊಳೆ ಹುಡುಕಿಕೊಂಡು ಬರುತ್ತದಂತೆ. ಇಂಗ್ರಿಡ್ ಒಡ್ಡಿನ ಕೆಳಗಿನ ಮಡುವನ್ನು ಬೆರಳಿನಿಂದ ತೋರಿಸಿ ಹೇಳಿದ್ದನ್ನು ಜಯ ತಡೆ ತಡೆದು ಹೇಳಿದಳು. ಅವರು ಏಳು ವರ್ಷದವರಿದ್ದಾಗ ಈ ಮಡುವಿನಲ್ಲಿ ನೀರಿಗಿಂತ ಮೀನೇ ಹೆಚ್ಚಿದ್ದವು. ಇಡೀ ದಿನ ಒಡ್ಡಿಗೆ ನೆಗೆದು ನೆಗೆದು, ಕಲ್ಲಿಗೆ ತಲೆ ಬಡಿದುಕೊಂಡು ಕೆಳಗೆ ಬೀಳುತ್ತಿದ್ದವು. ಅಪ್ಪ ಹುಲ್ಲು ಎತ್ತುವ ಕವೆಗೋಲಿನಲ್ಲಿ ಅವನ್ನು ಚುಚ್ಚಿ ದಡಕ್ಕೆ ಎಸೆಯುತ್ತಿದ್ದ. ಹೊಳೆಯ ಮೇಲ್ಗಡೆ ಬಿಳಿಯರಿಗಿಂತ ಮೊದಲಿನಿಂದ ಬಾಳಿದ್ದ ಮೂಲನಿವಾಸಿಗಳು ಬಂದು ಮೀನು ಬಿಡಿ ಎಂದು ಕೇಳಿದಾಗ ಬಾಗಿಲು ಹಾಕಿಕೊಂಡ. ವರ್ಷ ವರ್ಷ ಮೀನು ಕಡಿಮೆಯಾಗಿ, ಒಂದು ವರ್ಷ ಒಂದೂ ಬರಲಿಲ್ಲ. ಮೀನು ಬರುತ್ತಿದ್ದಷ್ಟು ವರ್ಷವೂ ರಾತ್ರಿ ಮಲಗಿದರೆ ಆ ತಲೆ ಬಡಿಯುವ ಸದ್ದು ಮೇಲಂತಸ್ತಿನ ಕೋಣೆಗೆ ಕೇಳುತ್ತಿತ್ತಂತೆ.

"ಒಡೆದ್ಮೇಲೆ ಬರುತ್ತೆ ಅಂತ ಏನು ಗ್ಯಾರಂಟಿ?"

ಜಯ ಕೇಳಲು ಹಿಂದೆಮುಂದೆ ನೋಡಿದಳು. ಕೇಳು ಎಂದು ಗದರಿದೆ.

"ಗ್ಯಾರಂಟಿ ಇಲ್ವಂತೆ. ಹೊಳೇಲಿ ಹುಟ್ಟಿದ ಮೀನೇ ಉಳಿದಿಲ್ಲ. ಬೇರೆ ಹೊಳೇದು ದಾರಿ ತಪ್ಪಿ ಬಂದ್ರೆ ಬಂತು. ಬರೋಷ್ಟರಲ್ಲಿ ತಾನಿರ್ತೀನೋ ಇಲ್ವೋ ಅಂತಿದಾರೆ."

ನಾನು ಸುಮ್ಮನಾಗಲಿಲ್ಲ, ಅದು ನನ್ನ ಸ್ವಭಾವದಲ್ಲೇ ಇಲ್ಲ. ನಡೆಯುವ ಗಿರಣಿ ಒಡೆಯುವುದು ಪಾಪ, ಬಾರದ ಮೀನಿಗೆ ಇರುವ ಗಿರಣಿ ಕಳೆಯುವುದು ಬುದ್ಧಿಗೇಡಿತನ, ನಿಮ್ಮಪ್ಪ ಇದ್ದಿದ್ದರೆ ಎದೆಯೊಡೆದು ಸಾಯುತ್ತಿದ್ದರು ಎಂದೆಲ್ಲ ಹೇಳಿದೆ. ಜಯ ಎಷ್ಟನ್ನು ಇಂಗ್ಲಿಷಿಗೆ ಮಾಡಿದಳೋ ದೇವರಿಗೇ ಗೊತ್ತು. ಇಂಗ್ರಿಡ್ ಕೊನೆಯವರೆಗೂ ಕೇಳಿಸಿಕೊಂಡು, ನನ್ನ ತೋಳು ಹಿಡಿದು, ಬಾ, ನಿನ್ನ ಕಾಳು ಕಾಯುತ್ತಿದೆ ಎಂಬಂತೆ ಒಳಗೆ ನಡೆದರು.

ಕಲ್ಲಿನ ಹತ್ತಿರ

ಡಗ್ ಮೊದಲು ಒಪ್ಪಲಿಲ್ಲ. ಲೈಸೆನ್ಸ್ ಮಾತು ತೆಗೆದ. ಅವಳದೇ ಕಾಳು, ಅವಳೇ ಒಯ್ಯುವ ಹಿಟ್ಟು, ಅದಕ್ಕೆ ಯಾವ ಲೈಸೆನ್ಸು ಎಂದರಂತೆ ಇಂಗ್ರಿಡ್. ಡಗ್‌ನ ನಿಜವಾದ ಹೆದರಿಕೆ ಬೇರೆ ಇತ್ತು, ಅದು ನನಗೂ ಅರ್ಥವಾಯಿತು. ರಾಗಿ ಬಹಳ ಸಣ್ಣ ಕಾಳು. ಗೋಧಿಗೆ ಬಿಟ್ಟಿರುವ ಸಂದಿಯಲ್ಲಿ ಹಾಕಿದರೆ ಅರ್ಧ ಹಾಗೇ ಜಾರಿಬರುತ್ತದೆ. ಮೇಲಿನ ಕಲ್ಲನ್ನು ಇನ್ನೂ ಇಳಿಸಬೇಕು. ಒಂದು ಕೂದಲಷ್ಟು ಹೆಚ್ಚು ಇಳಿದರೆ ಕಲ್ಲಿಗೆ ಕಲ್ಲು ತಾಗಿ ಕಿಡಿ ಹಾರುತ್ತದೆ, ಬಿರುಕೂ ಬಿಡಬಹುದು. ಹದಿನೈದು ವರ್ಷ ಸಾಕಿದ ಕಲ್ಲು ಕೊನೆಯ ದಿನ ಒಡೆದರೆ ಅವನ ಗತಿ ಏನು?

"ನಾನೂ ಮೂವತ್ತು ವರ್ಷದಿಂದ ಗಿರಣಿ ನಡೆಸ್ತಿರೋಳು, ಕಿವಿ ಕೊಟ್ಟಿರ್ತೀನಿ ಅನ್ನು. ಕೈ ಎತ್ತಿದ ತಕ್ಷಣ ನಿಲ್ಲಿಸ್ಲಿ" ಎಂದೆ ಜಯಳಿಗೆ.

ಆಮೇಲೆ ಮುಖ್ಯವಾದದ್ದನ್ನು ಕೇಳಿದೆ. "ಇದಕ್ಕೆ ಮುಂಚೆ ಏನು ಹಾಕಿದ್ರು?"

ಗೋಧಿ ಎಂದರು. ಹಾಗಾದರೆ ಮೊದಲ ಎರಡು ಹಿಡಿ ಬೇರೆ ಬರಬೇಕು, ಕಲ್ಲಿನಲ್ಲಿ ಉಳಿದ ಗೋಧಿ ಹೋಗಬೇಕು ಎಂದೆ. ನನ್ನ ಗಿರಣಿಯಲ್ಲಿ ದಿನದ ಜಗಳವೆಲ್ಲ ಇದಕ್ಕೇ. ರಾಗಿಯವರು ರಾಗಿಯ ಹಿಂದೆ, ಅಕ್ಕಿಯವರು ಅಕ್ಕಿಯ ಹಿಂದೆ, ಕಡಲೆಯವರು ಎಲ್ಲರದೂ ಮುಗಿಯಲಿ ಎಂದು ಕಾಯಬೇಕು. ಸುತ್ತ ನಿಂತಿದ್ದವರು ಜಯ ಹೇಳಿದ್ದನ್ನು ಕೇಳಿ ನಕ್ಕರು. ಇಂಗ್ರಿಡ್ ಮಾತ್ರ ನಗಲಿಲ್ಲ. ಅವರ ಅಪ್ಪನ ಕಾಲದಲ್ಲಿ ಗೋಧಿಯ ಬಿಳಿ ರೊಟ್ಟಿ ತಿನ್ನುವವರು ರೈ ಕಾಳಿನ ಕಪ್ಪು ರೊಟ್ಟಿಯವರ ಹಿಂದೆ ಕಾಳು ಹಾಕಿಸಲು ಒಪ್ಪುತ್ತಿರಲಿಲ್ಲವಂತೆ, ಬಾಗಿಲಲ್ಲೇ ಕೈ ಕೈ ಮಿಲಾಯಿಸುತ್ತಿದ್ದರಂತೆ. ಅವರು ತಾವೇ ಬಟ್ಟಲು ಹಿಡಿದು ಮೊದಲ ಎರಡು ಹಿಡಿಯನ್ನು ಬೇರೆ ತೆಗೆದರು. ಅದನ್ನು ಬಕೆಟ್ಟಿಗೆ ಹಾಕಲಿಲ್ಲ, ಕಾಗದದಲ್ಲಿ ಕಟ್ಟಿ ಕಿಟಕಿಯ ಮೇಲಿಟ್ಟುಕೊಂಡರು.

ರಾಗಿ ಸುರಿದೆವು. ಹೆದರಿದಂತೆಯೇ ಮೊದಲು ನುಚ್ಚು ಬಂತು, ನಡುವೆ ಇಡೀ ಕಾಳು. ನಾನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ, ತಲೆಯಾಡಿಸಿ, ಇಳಿಸು ಎಂದು ಕೈಸನ್ನೆ ಮಾಡಿದೆ. ಡಗ್ ತಿರುಪು ತಿರುಗಿಸಿದ. ಮತ್ತೆ ಉಜ್ಜಿದೆ, ಮತ್ತೆ ಇಳಿಸು. ಅವನ ಹಣೆಯಲ್ಲಿ ಬೆವರು. ಸದ್ದು ಬದಲಾಗುತ್ತಾ ಬಂತು, ಗೊರಗೊರ ಎನ್ನುತ್ತಿದ್ದುದು ಸಣ್ಣಗೆ ಸುಯ್‌ಗುಟ್ಟತೊಡಗಿತು. ಇನ್ನೊಂದು ಎಳೆ. ಎಲ್ಲಿಂದಲೋ ಒಂದು ಸಣ್ಣ ಟಿಣ್ ಕೇಳಿಸಿತು.

"ಸಾಕು!"

ಕೈ ಎತ್ತುವುದು ಮರೆತುಹೋಗಿ ಕೂಗಿಬಿಟ್ಟೆ. ಅವನಿಗೆ ಕನ್ನಡ ಬಂದುಬಿಟ್ಟಿತೇನೋ ಎಂಬಂತೆ ಅಲ್ಲೇ ನಿಲ್ಲಿಸಿದ. ಕಾಲು ಎಳೆ ಹಿಂದಕ್ಕೆ ತಿರುಗಿಸಿದ. ಕೆಳಗಿನ ಬಾಯಿಂದ ರಾಗಿ ಹಿಟ್ಟು ಬಂತು. ಸಣ್ಣಗೆ, ಬೆಚ್ಚಗೆ, ಬೂದುಗೆಂಪಗೆ, ಮಳೆ ಬಿದ್ದ ಮಣ್ಣಿನ ಪರಿಮಳದೊಂದಿಗೆ. ನನ್ನ ಗಿರಣಿಯಲ್ಲಿ ಮೋಟಾರಿನ ಓಟಕ್ಕೆ ಹಿಟ್ಟು ಸುಡುವಷ್ಟು ಬಿಸಿಯಾಗಿ ಬರುತ್ತದೆ. ಇದು ಕೂಸಿನ ಮೈಯಷ್ಟೇ ಬೆಚ್ಚಗಿತ್ತು. ಇಂಥ ಹಿಟ್ಟನ್ನು ನಾನು ಜೀವಮಾನದಲ್ಲಿ ಬೀಸಿಲ್ಲ, ಅದನ್ನು ಒಪ್ಪಿಕೊಳ್ಳುವಾಗ ಕಣ್ಣಲ್ಲಿ ನೀರು ಬಂತು. ಡಗ್ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಆ ಕಡೆ ತಿರುಗಿಸಿದ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ತೂಬು

ಕಾಳು ಮುಗಿಯಿತು. ಚೀಲದ ಬಾಯಿ ಕಟ್ಟಿದೆ. ಬರಿಗಲ್ಲು ತಿರುಗುವುದು ಒಳ್ಳೆಯದಲ್ಲ, ಬೇಗ ನಿಲ್ಲಿಸಬೇಕು. ಎಲ್ಲರೂ ಹೊರಗೆ ತೂಬಿನ ಹತ್ತಿರ ಹೋದೆವು. ತೂಬೆಂದರೆ ಒಂದು ಮರದ ಹಲಗೆ, ಮೇಲೆ ಕಬ್ಬಿಣದ ತಿರುಗಣೆ. ತಿರುಗಿಸಿದರೆ ಹಲಗೆ ಇಳಿದು ನೀರು ನಿಲ್ಲುತ್ತದೆ. ಇಂಗ್ರಿಡ್ ಡಗ್‌ನ ಕಡೆ ನೋಡಿದರು. ಅವನು ಎರಡೂ ಕೈಗಳನ್ನು ಜೇಬಿಗೆ ತೂರಿಸಿ ಹಿಂದಕ್ಕೆ ಸರಿದ. ಇಂಗ್ರಿಡ್ ತಾವೇ ತಿರುಗಣೆ ಹಿಡಿದರು. ಸ್ವಲ್ಪ ಹೊತ್ತು ಹಿಡಿದೇ ನಿಂತಿದ್ದು ಕೈ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕ, ನೀನು ಹಾಕ್ಬೇಕಂತೆ."

"ನಾನಾ? ನನ್ನ ಕೈಲಿ ಬೇಡ ಅನ್ನೇ! ಒಡೆಯೋದು ಪಾಪ ಅಂದವಳು ನಾನು."

ಜಯ ಕೇಳಿ, ತಿರುಗಿ ನನಗೆ ಹೇಳಿದಳು. "ತನ್ನ ಕೈ ಅರ್ಧಕ್ಕೇ ನಿಂತುಬಿಡುತ್ತೆ ಅಂತಿದಾರೆ. ಡಗ್ ಮಾಡಲ್ಲ. ನೀನು ದಿನಾ ಸಂಜೆ ಗಿರಣಿ ನಿಲ್ಲಿಸ್ತೀಯಲ್ಲ, ನಿಂಗೆ ಇದು ಕೆಲಸ, ನೀನು ಪೂರ್ತಿ ಹಾಕ್ತೀಯ ಅಂತಿದಾರೆ."

ಒಳಗೆ ಬರಿಗಲ್ಲು ಕಿರುಗುಟ್ಟಲು ಶುರುವಾಗಿತ್ತು. ಅದೊಂದನ್ನು ನನ್ನಿಂದ ಕೇಳಲಾಗುವುದಿಲ್ಲ. ಯೋಚನೆ ಮಾಡಲು ಹೊತ್ತಿರಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ತಿರುಗಣೆ ಹಿಡಿದೆ. ಕಬ್ಬಿಣ ಮಂಜಿನಷ್ಟು ತಣ್ಣಗಿತ್ತು. ಬಹಳ ಬಲ ಬೇಕಾಗುತ್ತದೆ ಎಂದುಕೊಂಡಿದ್ದೆ, ಏನೂ ಬೇಕಾಗಲಿಲ್ಲ. ಡಗ್ ಅಷ್ಟು ಚೆನ್ನಾಗಿ ಎಣ್ಣೆ ಬಿಟ್ಟಿದ್ದ. ಏಳು ಸುತ್ತು. ಏಳನೆಯದಕ್ಕೆ ಹಲಗೆ ತಳ ಮುಟ್ಟಿತು. ಚಕ್ರ ಇನ್ನೂ ಎರಡು ಸಲ ತಿರುಗಿ, ಮೂರನೆಯದಕ್ಕೆ ಅರ್ಧ ಏರಿ, ಹಿಂದಕ್ಕೆ ಜಾರಿ, ತೊನೆದು ನಿಂತಿತು. ಚಕ್ರದ ಹಲಗೆಗಳಿಂದ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಗಿರಣಿ ನಿಲ್ಲಿಸಿದ್ದೇನೋ, ಬೆಳಿಗ್ಗೆ ಮತ್ತೆ ಶುರು ಮಾಡಲಾಗದ ಹಾಗೆ ನಿಲ್ಲಿಸಿದ್ದು ಅದೊಂದೇ ಸಲ.

ಇಂಗ್ರಿಡ್ ನನ್ನನ್ನು ಅಪ್ಪಿಕೊಳ್ಳುತ್ತಾರೆ, ಇಲ್ಲವೇ ಅಳುತ್ತಾರೆ ಎಂದು ಕಾದೆ. ಅವರು ಎರಡನ್ನೂ ಮಾಡಲಿಲ್ಲ. ನೀರು ನಿಂತಿತೇ ಎಂದು ಒಮ್ಮೆ ಕಾಲುವೆ ನೋಡಿಕೊಂಡು, ರಬ್ಬರ್ ಬೂಟಿನಲ್ಲಿ ದಡ ಇಳಿದು, ಒಡ್ಡಿನ ಕೆಳಗಿನ ಮಡುವಿನಲ್ಲಿ ಮೊಣಕಾಲುದ್ದ ನೀರಿಗೆ ನಡೆದರು. ಅಲ್ಲಿ ಬಗ್ಗಿ, ಕೈಯಿಂದ ಬೆಳಕು ಮರೆಮಾಡಿಕೊಂಡು ನೀರಿನೊಳಗೆ ನೋಡತೊಡಗಿದರು. ಒಡ್ಡು ಇನ್ನೂ ಹಾಗೇ ನಿಂತಿದೆ, ಒಡೆಯಲು ತಿಂಗಳುಗಳಿವೆ, ಮೀನು ಬರುವ ಕಾಲ ಅದಕ್ಕೂ ಆಚೆ. ಆದರೂ ಎಂಬತ್ತೊಂದರ ಆ ಹೆಂಗಸು ಈಗಲೇ ಬಂದುಬಿಡುತ್ತದೆ ಎಂಬಂತೆ ನೋಡುತ್ತಿದ್ದರು.

ಡಗ್ ಬಹಳ ಹೊತ್ತು ಮೇಲೆ ನಿಂತಿದ್ದ. ಆಮೇಲೆ ಕೆಳಗಿಳಿದು, ಷೂ ಹಾಕಿದ ಕಾಲಿನಲ್ಲೇ ನೀರಿಗೆ ಇಳಿದು, ಅವರು ಜಾರದ ಹಾಗೆ ಮೊಣಕೈ ಹಿಡಿದು ನಿಂತ.

ಹುಟ್ಟಿದ ಮನೆಯ ಕಡೆ ಆಕೆ ಒಂದು ಸಲವೂ ತಿರುಗಿ ನೋಡಲಿಲ್ಲ. ನಿಂತ ಚಕ್ರವನ್ನು ನೋಡುತ್ತಾ ಅತ್ತವಳು ನಾನೇ.